ಪಪ್ಪಾ ಮನೆಗೆ ಬಂದ ಮೇಲೆ

ಇದು ಆಪ್ತಸಲಹೆಗೆ ನನ್ನ ಹತ್ತಿರ ಬಂದ ಕಾರವಾರದ ಒಂದು ಕ್ಯಾಥೊಲಿಕ್ ಕುಟುಂಬದ ಪ್ರಕರಣ. ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಮನೆಯ ನಾಲ್ವರೂ ಒಪ್ಪಿದ್ದಾರೆ.

ಅಪ್ಪನಿಗೆ 48 ವರ್ಷ. ಹಡಗಿನ ಎಂಜಿನ್ ರೂಮಿನಲ್ಲಿ ಫಿಟ್ಟರ್ ಆಗಿದ್ದವರು. ಒಂದು ಕಾಂಟ್ರಾಕ್ಟಿಗೆ ಹೋದರೆ ಎಂಟೊಂಬತ್ತು ತಿಂಗಳು ಮನೆ ಕಡೆ ಬರುವ ಮಾತೇ ಇಲ್ಲ. ಬಂದರೆ ಎರಡು ತಿಂಗಳು ಇದ್ದು ಮತ್ತೆ ಹೊರಡುತ್ತಿದ್ದರು. ನಮ್ಮ ಕರಾವಳಿಯಲ್ಲಿ ಇಂಥ ಮನೆಗಳು ಬೇಕಾದಷ್ಟಿವೆ. ಶಿಪ್ಪಿಗೆ ಹೋದವರು, ಗಲ್ಫಿಗೆ ಹೋದವರು, ಗೋವಾದಲ್ಲಿ ದುಡಿದು ವಾರಕ್ಕೊಮ್ಮೆ ಬರುವವರು. ಇವರು ಬೆನ್ನುನೋವಿನಿಂದ ಕೆಲಸ ಬಿಟ್ಟು ಊರಿಗೆ ಬಂದು ಒಂದು ವರ್ಷವಾಗಿತ್ತು. ಮಗನಿಗೆ 17, ಮಗಳಿಗೆ 14.

ಕರೆದುಕೊಂಡು ಬಂದವರು ಹೆಂಡತಿ. ‘ಅಪ್ಪ ಮಗ ಮಾತಾಡದೆ ಎರಡು ತಿಂಗಳಾಯ್ತು ಮೇಡಂ. ಒಬ್ಬರು ಊಟ ಮಾಡಿ ಎದ್ದ ಮೇಲೇ ಇನ್ನೊಬ್ಬರು ಕೂರೋದು’ ಅಂದರು.

ಆಗಿದ್ದಿಷ್ಟು. ಮಗ ಪಿಯುಸಿ ಸೈನ್ಸ್. ಫಿಜಿಕ್ಸಿನಲ್ಲಿ ಫೇಲಾಗಿದ್ದ. ಕಾಲೇಜಿಗೆ ಚಕ್ಕರ್ ಹಾಕಿ ಬೈತಖೋಲ ಬಂದರಿನಲ್ಲಿ ಬೋಟಿನ ಎಂಜಿನ್ ರಿಪೇರಿ ಮಾಡುವವರ ಜೊತೆ ಇರುತ್ತಿದ್ದ. ಒಂದು ಭಾನುವಾರ ಪೂಜೆ ಮುಗಿದು ಜನ ಇಗರ್ಜಿಯಿಂದ, ಅಂದರೆ ಚರ್ಚಿನಿಂದ, ಹೊರಗೆ ಬರುತ್ತಿದ್ದರು. ಅವನ ಉಗುರಿನ ಸಂದಿಯಲ್ಲಿ ಕಪ್ಪಗೆ ಗ್ರೀಸ್ ಕೂತದ್ದು ಅಪ್ಪನ ಕಣ್ಣಿಗೆ ಬಿತ್ತು. ಎಲ್ಲಿಗೆ ಹೋಗಿದ್ದೆ ಅಂತ ಕೇಳಿದರು. ಅವನು ಎದುರುತ್ತರ ಕೊಟ್ಟ. ಎಲ್ಲರೆದುರೇ ಕೆನ್ನೆಗೆ ಬಾರಿಸಿದರು. ಅವತ್ತಿನಿಂದ ಮಗ ಇಗರ್ಜಿಗೆ ಹೋಗಿಲ್ಲ, ಮನೆಯಲ್ಲಿ ಸಂಜೆಯ ಜಪಸರಕ್ಕೂ (ಜಪಮಾಲೆಯ ಪ್ರಾರ್ಥನೆಗೂ) ಕೂತಿಲ್ಲ.

ಅಪ್ಪನಿಗೆ ಹೊಡೆದದ್ದಕ್ಕಿಂತ ಇದೇ ದೊಡ್ಡ ಸಂಕಟ. ‘ಒಳ್ಳೆ ಅಪ್ಪ ಏನು ಮಾಡಬೇಕೋ ಎಲ್ಲ ಮಾಡಿದ್ದೇನೆ. ದುಡ್ಡು ಕಳಿಸಿದೆ, ಮನೆ ಕಟ್ಟಿದೆ, ಕುಡಿತ ಇಲ್ಲ, ಪ್ರಾರ್ಥನೆ ಬಿಟ್ಟವನಲ್ಲ. ಬೆತ್ತ ಹಿಡಿಯದ ಅಪ್ಪ ಮಗನನ್ನು ದ್ವೇಷಿಸಿದ ಹಾಗೆ ಅಂತ ಬೈಬಲ್ಲೇ ಹೇಳ್ತದೆ’ ಅಂದರು. ಮಕ್ಕಳು ತಂದೆತಾಯಿಯ ಮಾತು ಕೇಳಬೇಕು ಅಂತ ಬೈಬಲ್ಲಿನ ಎಫೆಸದವರಿಗೆ ಬರೆದ ಪತ್ರದಲ್ಲಿದೆ ಅಂತಲೂ ಸೇರಿಸಿದರು.

ಉಪದೇಶ ಮಾಡುವುದು ಆಪ್ತಸಲಹೆಗಾರ್ತಿಯ ಕೆಲಸವಲ್ಲ. ಆದರೆ ಈ ಮನುಷ್ಯ ಯೋಚಿಸುವುದೇ ನಂಬಿಕೆಯ ಮಾತಿನಲ್ಲಿ. ಅದನ್ನು ಬದಿಗಿಟ್ಟು ಬರೀ ಮನಶ್ಶಾಸ್ತ್ರ ಹೇಳಿದ್ದರೆ ಸುಮ್ನೆ ತಲೆಯಾಡಿಸಿ ಎದ್ದು ಹೋಗುತ್ತಿದ್ದರು. ನಾನೂ ಅದೇ ನಂಬಿಕೆಯಲ್ಲಿ ಬೆಳೆದವಳು. ಹಾಗಾಗಿ ಅವರು ಹೇಳಿದ ಅಧ್ಯಾಯವನ್ನೇ ಇನ್ನು ಸ್ವಲ್ಪ ಮುಂದೆ ಓದಲು ಹೇಳಿದೆ. ಎಫೆಸದ 6ನೇ ಅಧ್ಯಾಯದ ಮೊದಲ ಮೂರು ವಚನ ಮಕ್ಕಳಿಗೆ. ನಾಲ್ಕನೆಯದು ಅಪ್ಪಂದಿರಿಗೆ: ಮಕ್ಕಳನ್ನು ಕೆಣಕಿ ಸಿಟ್ಟಿಗೆಬ್ಬಿಸಬೇಡಿ. ಕೊಲೊಸ್ಸೆಯವರಿಗೆ ಬರೆದ ಪತ್ರದ 3ನೇ ಅಧ್ಯಾಯದಲ್ಲಿ ಕಾರಣವೂ ಇದೆ: ಇಲ್ಲದಿದ್ದರೆ ಅವರ ಮನಸ್ಸು ಕುಗ್ಗಿಹೋಗುತ್ತದೆ. ಈ ಪತ್ರಗಳು ಹುಟ್ಟಿದ ಕಾಲ ನೆನಪಿಡಬೇಕು. ಆಗಿನ ರೋಮನ್ ಕಾಯಿದೆಯಲ್ಲಿ ಮನೆಯ ಯಜಮಾನನಿಗೆ ಮಕ್ಕಳ ಪ್ರಾಣದ ಮೇಲೂ ಅಧಿಕಾರವಿತ್ತು. ಅಂಥ ಯಜಮಾನನಿಗೆ ನಿನ್ನ ಕೈಗೂ ಒಂದು ಮಿತಿ ಇದೆ ಅಂತ ಹೇಳಿದ್ದು ಸಣ್ಣ ಮಾತಲ್ಲ.

ಅವರು ಆ ಸಾಲುಗಳನ್ನು ಬಹಳ ಹೊತ್ತು ನೋಡಿದರು. ‘ಇದನ್ನ ನಮಗೆ ಯಾರೂ ಒತ್ತಿ ಹೇಳಿಲ್ಲ’ ಅಂದರು.

ಮಗನ ಜೊತೆ ಬೇರೆಯಾಗಿ ಮಾತಾಡಿದೆ. ಸಾಯಬೇಕು, ಮನೆ ಬಿಟ್ಟು ಹೋಗಬೇಕು ಅಂತ ಅನಿಸಿದೆಯಾ ಅಂತ ನೇರವಾಗಿಯೇ ಕೇಳಿದೆ. ಹೀಗೆ ಕೇಳಿದರೆ ಮಕ್ಕಳ ತಲೆಗೆ ಆ ಯೋಚನೆ ನಾವೇ ಹಾಕಿದಂತೆ ಅಂತ ಹೆತ್ತವರು ಹೆದರುತ್ತಾರೆ. ಹಾಗಾಗುವುದಿಲ್ಲ, ಕೇಳಲೇಬೇಕು. ಅವನಿಗೆ ಅಂಥದ್ದಿರಲಿಲ್ಲ. ಅವಮಾನ ಇತ್ತು. ಆಮೇಲೆ ಅವನು ಹೇಳಿದ್ದು ಕೇಳಿ ನನಗೆ ತಡೆಯಲಾಗಲಿಲ್ಲ: ‘ಸಣ್ಣವನಿದ್ದಾಗ ಪಪ್ಪಾ ಹಡಗಿನಿಂದ ವಿಡಿಯೋ ಕಾಲ್ ಮಾಡಿ ಎಂಜಿನ್ ತೋರಿಸ್ತಿದ್ರು. ಪಿಸ್ಟನ್ನು ರಾಡ್ ಸೇರಿ ನಮ್ಮ ಮನೆ ಬಾಗಿಲಿಗಿಂತ ಎತ್ತರ ಅಂತಿದ್ರು. ನಂಗೆ ಎಂಜಿನ್ ಹುಚ್ಚು ಹತ್ತಿದ್ದೇ ಆವಾಗ.’

ಅವನ ಒಪ್ಪಿಗೆ ಪಡೆದು ಈ ಮಾತನ್ನು ಅಪ್ಪನಿಗೆ ಹೇಳಿದೆ. ಅವರು ಮುಖ ಆ ಕಡೆ ತಿರುಗಿಸಿದರು. ‘ಆ ಸೆಕೆಯಲ್ಲಿ ನಾನು ಬೆಂದಿದ್ದು ಇವನ ಕೈಗೆ ಗ್ರೀಸ್ ಆಗಬಾರದು ಅಂತ’ ಅಂದರು. ನನ್ನ ಲೆಕ್ಕದಲ್ಲಿ ಪ್ರಕರಣದ ಗಂಟು ಇದ್ದದ್ದು ಇಲ್ಲೇ. ಇಗರ್ಜಿಯ ಅಂಗಳದಲ್ಲಿ ಅವರು ಹೊಡೆದದ್ದು ಮಗನ ಕೆನ್ನೆಗೆ, ಸಿಟ್ಟು ಇದ್ದದ್ದು ತಮ್ಮದೇ ಕಸುಬಿನ ಮೇಲೆ.

ಅವರ ಮನೆಯ ಪೀಠದಲ್ಲಿ ಯೇಸುವಿನ ಸಾಕುತಂದೆ ಸಂತ ಜೋಸೆಫರ ಪ್ರತಿಮೆ ಇದೆ. 2020ರಲ್ಲಿ ಕೋವಿಡ್ ಬಂದಾಗ ಕಾಂಟ್ರಾಕ್ಟ್ ಮುಗಿದರೂ ಹಡಗಿನಿಂದ ಇಳಿಯಲಾಗದೆ ತಿಂಗಳುಗಟ್ಟಲೆ ಸಿಕ್ಕಿಕೊಂಡವರಲ್ಲಿ ಇವರೂ ಒಬ್ಬರು. ಆಗ ದಿನಾ ಜೋಸೆಫರನ್ನೇ ಬೇಡಿಕೊಳ್ಳುತ್ತಿದ್ದರಂತೆ. ಅದೇ ವರ್ಷ ಡಿಸೆಂಬರ್ 8ರಿಂದ ಒಂದು ವರ್ಷವನ್ನು ಪೋಪ್ ಫ್ರಾನ್ಸಿಸ್ ಸಂತ ಜೋಸೆಫರ ವರ್ಷ ಅಂತ ಘೋಷಿಸಿದ್ದರು. ಮಾರ್ಚ್ 19ರ ಹಬ್ಬವನ್ನೂ ಇವರು ತಪ್ಪಿಸುವುದಿಲ್ಲ. ಹಾಗಾಗಿ ಜೋಸೆಫರ ವಿಷಯವನ್ನೇ ಎತ್ತಿದೆ. ಯೇಸುವಿನ ಬದುಕು ಹೇಳುವ ನಾಲ್ಕು ಸುವಾರ್ತೆಗಳಲ್ಲಿ ಹುಡುಕಿದರೂ ಅವರು ಆಡಿದ ಒಂದು ಮಾತು ಸಿಗುವುದಿಲ್ಲ. ಸಿಗುವುದೆಲ್ಲ ಮಾಡಿದ ಕೆಲಸ. ರಾತ್ರೋರಾತ್ರಿ ಎದ್ದು ತಾಯಿ ಮಗುವನ್ನು ಕರೆದುಕೊಂಡು ಈಜಿಪ್ಟಿಗೆ ಹೊರಟರು. ಜೆರುಸಲೇಮಿನಲ್ಲಿ ಬಾಲಕ ಯೇಸು ತಪ್ಪಿಸಿಕೊಂಡಾಗ ತಾಯಿ ಮರಿಯಳ ಜೊತೆ ಹುಡುಕಿದರು, ಮೂರನೇ ದಿನ ಸಿಕ್ಕ. ಇನ್ನೊಂದು ಸಂಗತಿ ಮಾರ್ಕನ ಸುವಾರ್ತೆಯ 6ನೇ ಅಧ್ಯಾಯದಲ್ಲಿದೆ. ನಜರೇತಿನ ಜನ ಯೇಸುವನ್ನು ಬಡಗಿ ಅಂತಲೇ ಗುರುತಿಸುತ್ತಾರೆ. ಆ ಕಸುಬು ಅಪ್ಪನ ಪಕ್ಕ ನಿಂತು ಕಲಿತದ್ದೇ ಅಲ್ವಾ?

ಹೀಗೆ ಮಾತು ಮಗನ ಸುತ್ತಲೇ ತಿರುಗುತ್ತಿದ್ದಾಗ ಒಂದು ದಿನ ಮಗಳೂ ಬಂದಿದ್ದಳು. ಮೂಲೆಯ ಕುರ್ಚಿಯಲ್ಲಿ ಬ್ಯಾಗು ತೊಡೆ ಮೇಲಿಟ್ಟುಕೊಂಡು ಕೂತಿದ್ದಳು. ಓದಿನಲ್ಲಿ ಮುಂದು, ಕ್ವಾಯರ್‌ನಲ್ಲಿ ಹಾಡುತ್ತಾಳೆ, ಕರೆದ ತಕ್ಷಣ ಜಪಸರಕ್ಕೆ ಬರುತ್ತಾಳೆ. ‘ಇವಳದ್ದು ಏನೂ ತಲೆನೋವಿಲ್ಲ’ ಅಂದರು ಅಪ್ಪ. ಎಷ್ಟನೇ ಕ್ಲಾಸು ಅಂತ ಕೇಳಿದೆ. ಎಂಟು ಅಂದರು. ‘ಒಂಬತ್ತು ಪಪ್ಪಾ’ ಅಂದಳು, ನೆಲ ನೋಡುತ್ತ.

ಆಸ್ತಿಯ ಪಾಲು ಪಡೆದು ಹೋಗಿ, ಎಲ್ಲ ಹಾಳು ಮಾಡಿ ಮನೆಗೆ ಮರಳಿದ ದುಂದುಗಾರ ಮಗನ ಕಥೆ ಅಪ್ಪನಿಗೆ ಬಾಯಿಪಾಠ. ಲೂಕನ ಸುವಾರ್ತೆಯ 15ನೇ ಅಧ್ಯಾಯ. ಓಡಿ ಬಂದು ಅಪ್ಪಿಕೊಂಡದ್ದು, ಉಂಗುರ, ಅಂಗಿ, ಕೊಬ್ಬಿದ ಕರು ಎಲ್ಲ ಹೇಳಿದರು. ಅಲ್ಲಿಗೆ ನಿಲ್ಲಿಸಿದರು. ಮುಂದೆ ಹೇಳಿ ಅಂದೆ. ಆ ಕಥೆಯ ಅಪ್ಪ ಮನೆಯಿಂದ ಎರಡು ಸಲ ಹೊರಗೆ ಹೋಗುತ್ತಾನೆ. ಒಮ್ಮೆ ಓಡಿಹೋಗಿದ್ದ ಮಗನಿಗಾಗಿ. ಇನ್ನೊಮ್ಮೆ, ಇಷ್ಟು ವರ್ಷ ಹೇಳಿದ್ದೆಲ್ಲ ಮಾಡಿದೆ, ನನಗೆ ಒಂದು ಆಡಿನ ಮರಿಯನ್ನೂ ಕೊಡಲಿಲ್ಲ ಅಂತ ಮುನಿದು ಹೊರಗೆ ನಿಂತ ಹಿರಿಯ ಮಗನಿಗಾಗಿ. ಹೊಲದಿಂದ ಅವನು ಬಂದು ಬಾಗಿಲಲ್ಲಿ ನಿಲ್ಲುವ ತನಕ ಹಬ್ಬದ ಗದ್ದಲದಲ್ಲಿ ಅವನ ನೆನಪು ಯಾರಿಗೂ ಇದ್ದಂತಿಲ್ಲ. ಎರಡೂ ಸಲ ಮೊದಲು ಹೆಜ್ಜೆ ಇಟ್ಟವನು ಅಪ್ಪನೇ. ಒಳ್ಳೆಯ ತಂದೆ ಅಂದರೆ ಯಾರು ಅನ್ನುವುದಕ್ಕೆ ಕ್ರೈಸ್ತ ನಂಬಿಕೆಯಲ್ಲಿ ಇದಕ್ಕಿಂತ ಚೆನ್ನಾದ ಉತ್ತರ ನನಗೆ ಗೊತ್ತಿಲ್ಲ. ದುಡಿಯುವವನು, ಶಿಸ್ತು ಕಲಿಸುವವನು ಸರಿಯೇ. ಅದಕ್ಕಿಂತ ಮೊದಲು ತಾನೇ ಎದ್ದು ಮಕ್ಕಳ ಹತ್ತಿರ ಹೋಗುವವನು.

ಕೊಟ್ಟ ಸಲಹೆಗೆ ಬರುತ್ತೇನೆ. ಹೊಡೆಯುವುದು ಇವತ್ತಿಗೇ ನಿಲ್ಲಬೇಕು, ಇದರಲ್ಲಿ ಚೌಕಾಸಿ ಇಲ್ಲ ಅಂದೆ. ಮತ್ತೆ ಹಾಗಾದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಬಹುದು ಅಂತ ಇಬ್ಬರೂ ಮಕ್ಕಳಿಗೆ ಅಪ್ಪನ ಎದುರೇ ಹೇಳಿದೆ. ಅಪ್ಪನಿಗೆ ಅದು ಕಸಿವಿಸಿಯಾಯಿತು, ಆದರೆ ಒಪ್ಪಿದರು. ಇಗರ್ಜಿಯ ಅಂಗಳದ ಏಟಿಗೆ ಮಗನ ಕ್ಷಮೆ ಕೇಳಬೇಕು ಅಂದೆ. ‘ನೀನು ಹಾಗೆ ಮಾತಾಡಿದ್ದಕ್ಕೆ’ ಅನ್ನುವ ಬಾಲ ಸೇರಿಸಬಾರದು. ಅಪ್ಪ ಮಗನ ಕ್ಷಮೆ ಕೇಳಿದರೆ ಸಲುಗೆ ಜಾಸ್ತಿಯಾಗುತ್ತದೆ ಅನ್ನುವ ಭಯ ಅವರಿಗಿತ್ತು. ನೀವು ಪಾದ್ರಿಯ ಹತ್ತಿರ ಪಾಪನಿವೇದನೆಗೆ ಹೋಗುತ್ತೀರಲ್ಲ, ತಪ್ಪು ಒಪ್ಪಿಕೊಂಡವನು ಚಿಕ್ಕವನಾಗುತ್ತಾನಾ ಅಂತ ಕೇಳಿದೆ. ಅದಕ್ಕೆ ಅವರ ಹತ್ತಿರ ಉತ್ತರ ಇರಲಿಲ್ಲ.

ಪ್ರಾರ್ಥನೆಯನ್ನು ಶಿಕ್ಷೆ ಮಾಡಬೇಡಿ ಅಂತಲೂ ಹೇಳಿದೆ. ಮಾರ್ಕು ಕಡಿಮೆ ಬಂತು ಅಂತ ಮಂಡಿಯೂರಿಸಿ ಜಪ ಹೇಳಿಸುವ ಅಭ್ಯಾಸ ಆ ಮನೆಯಲ್ಲಿತ್ತು. ದೇವರು ಅಂದರೆ ಮೊಣಕಾಲು ನೋವು ಅಂತ ಮಗು ಕಲಿತರೆ ಆಮೇಲೆ ಯಾರನ್ನು ದೂರುವುದು? ಮಕ್ಕಳನ್ನು ಕರೆತಂದವರನ್ನು ಗದರಿಸಿದ ಶಿಷ್ಯರ ಮೇಲೆ ಯೇಸು ಸಿಟ್ಟಾದದ್ದನ್ನು ನೆನಪಿಸಿದೆ.

ತಾಯಿಗೂ ಒಂದು ಮಾತು ಹೇಳಬೇಕಿತ್ತು. ಅಪ್ಪನ ಸಂದೇಶ ಮಗನಿಗೆ, ಮಗನದ್ದು ಅಪ್ಪನಿಗೆ ಮುಟ್ಟಿಸುವುದು ಬಿಡಿ ಅಂದೆ. ಹಡಗಿನ ದಿನಗಳಲ್ಲಿ ಅದು ಬೇಕಿತ್ತು. ಈಗ ಇಬ್ಬರೂ ಒಂದೇ ಸೂರಿನಡಿ ಇದ್ದಾರೆ.

ಕ್ಷಮೆ ಕೇಳಲು ಅಪ್ಪನಿಗೆ ಹತ್ತು ದಿನ ಹಿಡಿಯಿತು. ಊಟದ ಹೊತ್ತಿಗೆ, ಹೆಂಡತಿ ಮಗಳ ಎದುರು, ಎರಡೇ ಮಾತಿನಲ್ಲಿ ಹೇಳಿದರಂತೆ. ಮಗ ಏನೂ ಅನ್ನಲಿಲ್ಲ, ಆದರೆ ಎದ್ದು ಹೋಗಲೂ ಇಲ್ಲ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರೀಕೃತ ಬೋಟುಗಳಿಗೆ ಮೀನುಗಾರಿಕೆ ನಿಷೇಧ ಇರುತ್ತದಲ್ಲ, ಬಂದರಿನಲ್ಲಿ ರಿಪೇರಿಯ ಸುಗ್ಗಿ. ಒಂದು ಬೋಟಿನ ಎಂಜಿನ್ ಬಿಚ್ಚಿದ ದಿನ ಅಪ್ಪ ತಾವಾಗಿಯೇ ಬೈತಖೋಲಕ್ಕೆ ಹೋದರು. ನೋವಿನ ಬೆನ್ನಿಗೆ ಬಗ್ಗಲಾಗದು. ಒಂದು ಪೆಟ್ಟಿಗೆಯ ಮೇಲೆ ಕೂತು ಬಾಯಲ್ಲಿ ಹೇಳಿದರು, ಮಗ ಕೈಯಲ್ಲಿ ಮಾಡಿದ. ಪಿಯುಸಿ ಮುಗಿಸಿ ಮೆಕ್ಯಾನಿಕಲ್ ಡಿಪ್ಲೊಮಾಗೆ ಸೇರುವ ಮಾತು ಈಗ ಮನೆಯಲ್ಲಿ ನಡೆಯುತ್ತಿದೆ. ಫಿಜಿಕ್ಸ್ ಯಾಕೆ ಬೇಕು ಅಂತ ಅವನಿಗೆ ಗೊತ್ತಾದದ್ದೂ ಆ ಎಂಜಿನ್ ಹತ್ತಿರವೇ.

ಮಗಳನ್ನು ಶನಿವಾರ ಸಂಜೆ ಕ್ವಾಯರ್ ಅಭ್ಯಾಸಕ್ಕೆ ಬಿಟ್ಟು ಬರುವ ಕೆಲಸ ಅಪ್ಪನಿಗೇ ಕೊಟ್ಟಿದ್ದೆ. ಸ್ಕೂಟರ್ ಬೇಡ, ನಡೆದೇ ಹೋಗಿ, ಮಾರ್ಕಿನ ಮಾತು ಎತ್ತಬೇಡಿ ಅಂದಿದ್ದೆ. ಮೊದಲ ವಾರಗಳಲ್ಲಿ ಇಬ್ಬರಿಗೂ ಮಾತೇ ಸಿಗಲಿಲ್ಲವಂತೆ. ಈಗ ಅವಳು ಕ್ಲಾಸಿನ ಜಗಳಗಳನ್ನೂ ಹೇಳುತ್ತಾಳೆ. ಒಂದು ದಿನ ಅಣ್ಣನ ವಿಷಯಕ್ಕೇ ಎಲ್ಲರೂ ತಲೆ ಕೆಡಿಸಿಕೊಳ್ಳೋದು ಅಂತ ಜೋರಾಗಿ ಅತ್ತಳಂತೆ. ಅಪ್ಪ ಗಾಬರಿಯಿಂದ ನನಗೆ ಫೋನ್ ಮಾಡಿದರು. ಇದು ಒಳ್ಳೆಯ ಸುದ್ದಿ ಅಂದೆ.

ಮಗ ಇನ್ನೂ ಭಾನುವಾರದ ಪೂಜೆಗೆ ಹೋಗುತ್ತಿಲ್ಲ. ಏನು ಮಾಡಲಿ ಅಂತ ಅಪ್ಪ ಕಳೆದ ಸಲ ಕೇಳಿದರು. ಹೊರಡುವಾಗ ಒಮ್ಮೆ ಕರೆಯಿರಿ, ಬರಲ್ಲ ಅಂದರೆ ಸರಿ ಅನ್ನಿ, ಬಂದ ಮೇಲೆ ಅದೇ ಮಾತನ್ನು ಊಟಕ್ಕೆ ತರಬೇಡಿ ಅಂತ ಹೇಳಿದ್ದೇನೆ. ಏಟು ಬಿದ್ದ ಜಾಗಕ್ಕೆ ಅವನು ತನ್ನ ಕಾಲಲ್ಲೇ ನಡೆದು ಬರಬೇಕು. ಅದಕ್ಕೆ ಎಷ್ಟು ದಿನ ಬೇಕೋ ಅಷ್ಟು ದಿನ ಕಾಯಲು ಅಪ್ಪ ಒಪ್ಪಿದ್ದಾರೆ.