ಹೆಬ್ಬೆಟ್ಟು ಒತ್ತುವ ಮುಂಚೆ

ಓದುಗರ ಪತ್ರ: "ಸಂಪಾದಕರಿಗೆ ನಮಸ್ಕಾರ. ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಟ್ಟು ನಿವೃತ್ತನಾದವನು ನಾನು. ಹೋದ ತಿಂಗಳು ಮಗಳ ಮನೆಗೆಂದು ಮೊಬೈಲಿನಲ್ಲಿ ಒಂದು ಮಿಕ್ಸಿ ನೋಡಿದೆ. ಅಂದಿನಿಂದ ಅಡಿಕೆ ಧಾರಣೆ ನೋಡಲು ಹೋದರೂ ಮಿಕ್ಸಿ, ಪಂಚಾಂಗ ತೆರೆದರೂ ಮಿಕ್ಸಿ. ಎಲ್ಲಿ ಹೋದರೂ 'ಕುಕೀಸ್ ಅಕ್ಸೆಪ್ಟ್ ಮಾಡಿ' ಎಂಬ ಪಟ್ಟಿ ಅಡ್ಡ ಬರುತ್ತದೆ. ಮೊಮ್ಮಗ 'ಒತ್ತಿ ಅಜ್ಜಾ, ಏನೂ ಆಗಲ್ಲ' ಎನ್ನುತ್ತಾನೆ. ಒತ್ತುತ್ತೇನೆ. ಬೇಡ ಎಂದರೂ ನಾಲ್ಕು ದಿನ ಬಿಟ್ಟು ಮತ್ತೆ ಕೇಳುತ್ತಾರೆ. ಒತ್ತಿದರೆ ಖಾತೆಯಿಂದ ದುಡ್ಡು ಹೋಗುತ್ತದೆಯೇ? ಇನ್ನೊಂದು ಮಾತು. ನಿಮ್ಮ ಪತ್ರಿಕೆಯ ವೆಬ್‌ಸೈಟೂ ಇದನ್ನೇ ಕೇಳುತ್ತದೆ, ಅದೂ ಇಂಗ್ಲಿಷಿನಲ್ಲಿ. ನಿಮಗೆ ನಾಚಿಕೆಯಾಗುವುದಿಲ್ಲವೇ?" (ಸಾಗರ ತಾಲ್ಲೂಕಿನ ಓದುಗರೊಬ್ಬರು)

ಸಂಪಾದಕರ ಉತ್ತರ:

ಮೇಷ್ಟ್ರೇ, ನಮಸ್ಕಾರ. ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸಿಬಿಡುತ್ತೇನೆ. ಆಯಿತು, ಚೆನ್ನಾಗಿಯೇ ಆಯಿತು. ನಿಮ್ಮ ಪತ್ರ ಓದಿದ ಮೇಲೆ ನಮ್ಮದೇ ವೆಬ್‌ಸೈಟನ್ನು ಹೊಸಬನ ಹಾಗೆ ತೆರೆದು ನೋಡಿದೆ. ಹಸಿರು ಬಣ್ಣದ ದಪ್ಪ ಗುಂಡಿ, ಅದರ ಮೇಲೆ ಅಕ್ಸೆಪ್ಟ್ ಆಲ್. ಅದರ ಕೆಳಗೆ, ಕನ್ನಡಕ ಒರೆಸಿಕೊಂಡು ನೋಡಿದರೆ ಮಾತ್ರ ಕಾಣುವ ಬೂದು ಅಕ್ಷರದಲ್ಲಿ 'ಮ್ಯಾನೇಜ್ ಪ್ರಿಫರೆನ್ಸಸ್'. ಒಪ್ಪಲು ಒಂದು ಸಲ ಒತ್ತಿದರೆ ಸಾಕು. ಬೇಡ ಅನ್ನಲು ನಾನು ಐದು ಕಡೆ ಒತ್ತಬೇಕಾಯಿತು. ವೆಬ್‌ಸೈಟ್ ಮಾಡಿಕೊಟ್ಟ ಹುಡುಗನನ್ನು ಕೇಳಿದೆ. "ರೆಡಿಮೇಡ್ ಬರುತ್ತೆ ಸಾರ್, ಎಲ್ಲರೂ ಹಾಗೇ ಹಾಕೋದು" ಎಂದ.

ದುಡ್ಡು ಹೋಗುವುದಿಲ್ಲ. ಆ ಭಯ ಬಿಡಿ. ಕುಕೀ ಎಂದರೆ ವೈರಸ್ಸೂ ಅಲ್ಲ.

ದೇವಸ್ಥಾನದ ಎದುರು ಚಪ್ಪಲಿ ಬಿಡುವ ಜಾಗ ನೆನಪಿಸಿಕೊಳ್ಳಿ. ಚಪ್ಪಲಿ ಕೊಟ್ಟರೆ 47 ಎಂದು ಬರೆದ ಟೋಕನ್ ಕೊಡುತ್ತಾನೆ. ನಿಮ್ಮ ಹೆಸರು, ಗೋತ್ರ ಅವನಿಗೆ ಬೇಡ. ಟೋಕನ್ ನಿಮ್ಮ ಜೇಬಿನಲ್ಲೇ ಇರುತ್ತದೆ. ವಾಪಸ್ ಬಂದು ತೋರಿಸಿದಾಗ 47 ಯಾರೆಂದು ಅವನಿಗೆ ಗೊತ್ತಾಗುತ್ತದೆ. ಕುಕೀ ಅಂದರೆ ಇಂಥದ್ದೇ ಒಂದು ಟೋಕನ್. ವೆಬ್‌ಸೈಟು ಅದನ್ನು ನಿಮ್ಮ ಬ್ರೌಸರಿನ, ಅಂದರೆ ವೆಬ್‌ಸೈಟು ತೆರೆಯಲು ಬಳಸುವ ಕ್ರೋಮ್‌ನಂಥ ಆ್ಯಪಿನ, ಜೇಬಿಗೆ ಹಾಕುತ್ತದೆ. ಮತ್ತೆ ಅದೇ ವೆಬ್‌ಸೈಟಿಗೆ ಹೋದಾಗ ಬ್ರೌಸರ್ ನಿಮ್ಮನ್ನು ಕೇಳದೆಯೇ ತೆಗೆದು ತೋರಿಸುತ್ತದೆ. ಒಂದೊಂದು ಕುಕೀಯಲ್ಲಿ ಹಿಡಿಸುವುದು ಸುಮಾರು 4 ಕೆಬಿ, ಅಷ್ಟೇ. ಕೆಲವು ಬ್ರೌಸರ್ ಮುಚ್ಚಿದ ಕೂಡಲೇ ಹೋಗುತ್ತವೆ. ಕೆಲವು ತಿಂಗಳುಗಟ್ಟಲೆ ಕೂತಿರುತ್ತವೆ.

1994ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಲೂ ಮೊಂಟುಲ್ಲಿ ಎಂಬ ಇಂಜಿನಿಯರ್ ಇದನ್ನು ಮಾಡಿದ. ಅದಕ್ಕೂ ಮುಂಚೆ ವೆಬ್‌ಗೆ ನೆನಪಿನ ಶಕ್ತಿಯೇ ಇರಲಿಲ್ಲ. ಒಂದು ಪುಟದಲ್ಲಿ ಬುಟ್ಟಿಗೆ ಹಾಕಿದ ಸಾಮಾನು ಮುಂದಿನ ಪುಟಕ್ಕೆ ಹೋಗುವಷ್ಟರಲ್ಲಿ ಯಾರದ್ದು ಎಂದು ಮರೆತುಹೋಗುತ್ತಿತ್ತು. ಕುಕೀ ಇಲ್ಲದಿದ್ದರೆ ರೈಲ್ವೆ ಟಿಕೆಟ್ ಬುಕ್ ಮಾಡುವಾಗ ಪ್ರತಿ ಪುಟದಲ್ಲೂ ನೀವು ಯಾರು ಎಂದು ಹೊಸದಾಗಿ ಹೇಳಬೇಕಾದೀತು. ನಮ್ಮಂಥ ಸಣ್ಣ ಪತ್ರಿಕೆಗಳು ಜಾಹೀರಾತಿನಿಂದಲೇ ಉಸಿರಾಡುತ್ತವೆ ಎನ್ನುವುದೂ ಸುಳ್ಳಲ್ಲ. ಆ ಕಡೆಯವರ ಪರವಾಗಿ ಇಷ್ಟು ಹೇಳಿದ್ದು ಸಾಕು.

ಈಗ ಮಿಕ್ಸಿಯ ವಿಷಯ. ಊರಿನ ಎಲ್ಲಾ ದೇವಸ್ಥಾನ, ಅಂಗಡಿ, ಅಡಿಕೆ ಮಂಡಿಗಳ ಬಾಗಿಲಲ್ಲಿ ಚಪ್ಪಲಿ ಕಾಯುವ ಗುತ್ತಿಗೆಯನ್ನು ಒಬ್ಬನೇ ಹಿಡಿದಿದ್ದಾನೆ ಅಂದುಕೊಳ್ಳಿ. ಎಲ್ಲಾ ಕಡೆಗೂ ಅದೇ 47ರ ಟೋಕನ್. "47 ಮಿಕ್ಸಿ ಅಂಗಡಿಯಲ್ಲಿ ಹತ್ತು ನಿಮಿಷ ನಿಂತಿದ್ದ, ಕೊಳ್ಳಲಿಲ್ಲ. ಈಗ ಮಂಡಿಗೆ ಬಂದ. ಹಿಡಿ, ಮಿಕ್ಸಿ ತೋರಿಸು." ಇದಕ್ಕೆ ಥರ್ಡ್ ಪಾರ್ಟಿ ಕುಕೀ ಅನ್ನುತ್ತಾರೆ. ನೀವು ಹೋದದ್ದು ಅಡಿಕೆ ಧಾರಣೆಯವರ ಮನೆಗೆ, ನಿಮ್ಮ ಲೆಕ್ಕ ಬರೆದುಕೊಂಡದ್ದು ಬಾಗಿಲಲ್ಲಿ ಕೂತ ಗುತ್ತಿಗೆದಾರ. ಇದು ಹೀಗಾಗುತ್ತದೆ ಎಂದು ಗೊತ್ತಿಲ್ಲದೆ ಆದದ್ದೂ ಅಲ್ಲ. 1997ರಲ್ಲಿ ಕುಕೀಗೆ ಮೊದಲ ಸಲ ನಿಯಮ ಬರೆದವರೇ, ಇಂಥ ಮೂರನೆಯವರ ಕುಕೀಗೆ ಬ್ರೌಸರ್ ತಾನಾಗಿ ಬಾಗಿಲು ತೆರೆಯಬಾರದು ಎಂದಿದ್ದರು. ಆಗಿನ ದೊಡ್ಡ ಬ್ರೌಸರ್‌ಗಳು ಕಿವಿಗೇ ಹಾಕಿಕೊಳ್ಳಲಿಲ್ಲ.

ಮಿಕ್ಸಿಯಾದರೆ ನಕ್ಕು ಸುಮ್ಮನಾಗಬಹುದು. ರಾತ್ರಿ ಹೊತ್ತು ಯಾವುದೋ ಕಾಯಿಲೆಯ ಹೆಸರು ಹುಡುಕಿದ್ದು, ಸಾಲ ತೀರಿಸುವ ದಾರಿ ಹುಡುಕಿದ್ದು?

ಇಲ್ಲಿ ನಿಮ್ಮ ಮೇಲೆ ನನಗೊಂದು ಸಿಟ್ಟಿದೆ. ಉತ್ತರ ಸರಿ ಇದ್ದರೂ ಸ್ಟೆಪ್ ಬರೆಯದ ಹುಡುಗರ ಮಾರ್ಕ್ಸ್ ಕಡಿದಿರುತ್ತೀರಿ ನೀವು. ಅಂಥವರು ಮೊಮ್ಮಗ ಹೇಳಿದ ಎಂದು ಓದದೆ ಒತ್ತುವುದೇ? ನಮ್ಮಜ್ಜಿಗೆ ಅಕ್ಷರ ಬರುತ್ತಿರಲಿಲ್ಲ. ಹಿಸ್ಸೆ ಪತ್ರವಾಗಲಿ, ಸೊಸೈಟಿಯ ಸಾಲದ ಕಾಗದವಾಗಲಿ, ಹೆಬ್ಬೆಟ್ಟು ಒತ್ತುವ ಮುಂಚೆ ಇಬ್ಬರ ಹತ್ತಿರ ಓದಿಸುತ್ತಿದ್ದಳು. ಅದೂ ಒಬ್ಬರಿಗೊಬ್ಬರು ಮಾತು ಬಿಟ್ಟ ಇಬ್ಬರ ಹತ್ತಿರ, ಬೇರೆ ಬೇರೆ ದಿನ. ಎರಡೂ ಓದು ತಾಳೆಯಾದರೆ ಮಾತ್ರ ಶಾಯಿಗೆ ಬೆರಳು. ನಾವು ಡಿಗ್ರಿ ಮಾಡಿದವರು ದಿನಕ್ಕೆ ಹತ್ತು ಸಲ ಮೊಬೈಲಿನ ಮೇಲೆ ಅದೇ ಹೆಬ್ಬೆರಳನ್ನು ಒತ್ತುತ್ತೇವೆ. ಶಾಯಿ ಹತ್ತುವುದಿಲ್ಲ, ಹಾಗಾಗಿ ಒತ್ತಿದ್ದೇ ಗೊತ್ತಾಗುವುದಿಲ್ಲ.

ಆದರೆ ತಪ್ಪು ನಿಮ್ಮೊಬ್ಬರದೇ ಅಂದರೆ ಅನ್ಯಾಯವಾದೀತು. 'ಬೇಡ' ಅನ್ನುವ ಗುಂಡಿಯನ್ನು ಬಚ್ಚಿಟ್ಟವರದು ದೊಡ್ಡ ಪಾಲು. ಯುರೋಪಿನಲ್ಲಿ ಇದಕ್ಕೆ ಕೋರ್ಟು ಕಚೇರಿ ಎಲ್ಲ ಆಗಿದೆ. ಮೊದಲೇ ಟಿಕ್ ಹಾಕಿಟ್ಟ ಚೌಕ ಒಪ್ಪಿಗೆಯೇ ಅಲ್ಲ ಎಂದು 2019ರಲ್ಲಿ ಯುರೋಪಿಯನ್ ಒಕ್ಕೂಟದ ನ್ಯಾಯಾಲಯ ಹೇಳಿತು. ಫ್ರಾನ್ಸಿನಲ್ಲಿ ಸಿಎನ್‌ಐಎಲ್ ಎಂಬ ಸರ್ಕಾರಿ ಸಂಸ್ಥೆಯಿದೆ. ಜನರ ಖಾಸಗಿ ಮಾಹಿತಿ ಕಾಯುವುದು ಅದರ ಕೆಲಸ. 2022ರ ಜನವರಿಯಲ್ಲಿ ಅದು ಗೂಗಲ್‌ಗೆ 15 ಕೋಟಿ ಯೂರೋ, ಫೇಸ್‌ಬುಕ್‌ಗೆ 6 ಕೋಟಿ ಯೂರೋ ದಂಡ ಹಾಕಿದ ಸುದ್ದಿ ಬಂತು. ಅಪರಾಧ ಏನು ಗೊತ್ತೇ? ಕುಕೀ ಇಟ್ಟದ್ದಲ್ಲ. ಒಪ್ಪಲು ಒಂದೇ ಕ್ಲಿಕ್, ನಿರಾಕರಿಸಲು ಹಲವು ಕ್ಲಿಕ್. ಅಷ್ಟಕ್ಕೇ. ಮೂರು ತಿಂಗಳಲ್ಲಿ ಸರಿಪಡಿಸದಿದ್ದರೆ ದಿನಕ್ಕೆ ಒಂದು ಲಕ್ಷ ಯೂರೋ ಎಂದೂ ಹೇಳಿತು. ಏಪ್ರಿಲ್ ಬರುವಷ್ಟರಲ್ಲಿ ಅಲ್ಲಿ 'ಎಲ್ಲಾ ಬೇಡ' ಎಂಬ ಗುಂಡಿ ಹುಟ್ಟಿಕೊಂಡಿತು. ಇಷ್ಟು ದಿನ ಇಡಲು ಬರುತ್ತಿರಲಿಲ್ಲ ಎಂದಲ್ಲ, ಅಲ್ವಾ?

ನಮ್ಮಲ್ಲಿ? ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದ್ದು 2017ರ ಆಗಸ್ಟ್ 24ರಂದು. ಆ ಕೇಸಿನ ಹೆಸರಲ್ಲಿರುವವರು ನಮ್ಮವರೇ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2012ರಲ್ಲಿ ಆಧಾರ್ ವಿರುದ್ಧ ಅರ್ಜಿ ಹಾಕಿದಾಗ ಅವರಿಗೆ 86 ವರ್ಷ. ವಯಸ್ಸಾಯಿತು, ನಮಗ್ಯಾಕೆ ಈ ಮೊಬೈಲ್ ಉಸಾಬರಿ ಎನ್ನುವವರಿಗೆ ನಾನು ಅವರ ಹೆಸರನ್ನೇ ಹೇಳುವುದು.

2023ರಲ್ಲಿ ಡಿಜಿಟಲ್ ಖಾಸಗಿ ಮಾಹಿತಿ ರಕ್ಷಣೆಯ ಕಾಯ್ದೆಯೂ ಬಂತು. ಅದರಲ್ಲಿ ಕುಕೀ ಎಂಬ ಪದ ಇಲ್ಲ. ಆದರೆ ನಿಮ್ಮ ಗುರುತು ಹತ್ತುವ ಮಾಹಿತಿಗೆಲ್ಲ ಒಪ್ಪಿಗೆ ಹೇಗೆ ಪಡೆಯಬೇಕು ಎಂದಿದೆ. ಅದರ ಎರಡು ಮಾತನ್ನು ನಾನು ಕೆಂಪು ಪೆನ್ನಿನಲ್ಲಿ ಗೆರೆ ಎಳೆದು ಇಟ್ಟುಕೊಂಡಿದ್ದೇನೆ. ಒಪ್ಪಿಗೆ ಕೊಟ್ಟಷ್ಟೇ ಸುಲಭವಾಗಿ ಅದನ್ನು ವಾಪಸ್ ಪಡೆಯಲು ಆಗಬೇಕು. ಎರಡನೆಯದು, ಏನನ್ನು ಏಕೆ ಕೇಳುತ್ತಿದ್ದೇವೆ ಎಂಬ ನೋಟಿಸನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಷೆಡ್ಯೂಲಿನ 22 ಭಾಷೆಗಳಲ್ಲಿ ಯಾವುದರಲ್ಲಾದರೂ ಓದುವ ಆಯ್ಕೆ ಕೊಡಬೇಕು. ಆ 22ರಲ್ಲಿ ಕನ್ನಡವೂ ಇದೆ ಮೇಷ್ಟ್ರೇ! ನಿಯಮಗಳು 2025ರ ನವೆಂಬರಿನಲ್ಲಿ ಹೊರಬಂದವು, ಮುಖ್ಯ ಭಾಗಗಳಿಗೆ 18 ತಿಂಗಳ ಗಡುವು. ಅಂದರೆ ಕಂಪನಿಗಳಿಗೆ 2027ರ ಮೇ ತನಕ ಪುರುಸೊತ್ತು.

ಅಲ್ಲಿಯವರೆಗೆ ಕನ್ನಡಿಗ ಇಂಗ್ಲಿಷಿಗೇ ಒಪ್ಪುತ್ತಿರಬೇಕು. ಇದು ಕುಕೀಯಿಂದ ಶುರುವಾದ ರೋಗವೇನಲ್ಲ. ಬ್ಯಾಂಕಿಗೆ ಹೋಗಿ. ಮೂವತ್ತು ಪುಟದ ಫಾರಂ, ಪೆನ್ಸಿಲಿನಲ್ಲಿ ಇಂಟು ಮಾರ್ಕ್. "ಇಂಟು ಹಾಕಿದ ಕಡೆ ಸೈನ್ ಮಾಡಿ ಸಾರ್." ಏನಿದೆ ಎಂದು ಕೇಳಿದರೆ "ಎಲ್ಲಾ ಫಾರ್ಮಾಲಿಟಿ." ಎರಡು ವರ್ಷದ ಹಿಂದೆ ನನ್ನ ಅಣ್ಣನನ್ನು ಆಪರೇಷನ್‌ಗೆ ಸೇರಿಸಿದಾಗ ಅತ್ತಿಗೆಯ ಕೈಗೆ ಇಂಗ್ಲಿಷಿನ ಒಪ್ಪಿಗೆ ಪತ್ರ ಕೊಟ್ಟರು. ಆಕೆ ಓದಿದ್ದು ಏಳನೇ ಕ್ಲಾಸು, ಕನ್ನಡ ಶಾಲೆ. ಓದಿ ಹೇಳಿ ಎಂದಿದ್ದಕ್ಕೆ ಕೌಂಟರಿನ ಹುಡುಗಿ ಗಡಿಯಾರ ನೋಡಿದಳು. ಬಟ್ಟೆ ಅಂಗಡಿಯಲ್ಲಿ ಒಂದು ಟವೆಲ್ ಕೊಂಡರೂ ಫೋನ್ ನಂಬರ್ ಹೇಳಿ ಅನ್ನುತ್ತಾರೆ. ಯಾಕೆ ಎಂದು ಕೇಳಿದರೆ ಹಿಂದೆ ಕ್ಯೂನಲ್ಲಿ ನಿಂತವರು ನಮ್ಮನ್ನೇ ಕೆಕ್ಕರಿಸಿ ನೋಡುತ್ತಾರೆ.

ಕೇಳಿದ್ದಕ್ಕೆ ಉತ್ತರ ಬಿಟ್ಟು ಊರೆಲ್ಲ ಸುತ್ತಿದೆ. ಬನ್ನಿ, ಫೋನ್ ಕೈಗೆ ತೆಗೆದುಕೊಳ್ಳಿ. ಕ್ರೋಮ್‌ನಲ್ಲಿ ಬಲಗಡೆ ಮೂರು ಚುಕ್ಕಿ ಇದೆಯಲ್ಲ, ಅದನ್ನು ಒತ್ತಿ ಸೆಟ್ಟಿಂಗ್ಸ್‌ಗೆ ಹೋಗಿ. ಅಲ್ಲಿ ಥರ್ಡ್ ಪಾರ್ಟಿ ಕುಕೀಸ್ ಎಂಬುದನ್ನು ಹುಡುಕಿ ಬ್ಲಾಕ್ ಮಾಡಿ. ಗುತ್ತಿಗೆದಾರನ ಟೋಕನ್ ಮಾತ್ರ ನಿಲ್ಲುತ್ತದೆ, ನಿಮ್ಮ ಲಾಗಿನ್‌ಗೆ ಸಾಮಾನ್ಯವಾಗಿ ತೊಂದರೆಯಿಲ್ಲ. ಐಫೋನಿನ ಸಫಾರಿ ಬ್ರೌಸರ್ 2020ರಿಂದ ತಾನಾಗಿಯೇ ಹೀಗೆ ಮಾಡುತ್ತಿದೆ. ಫೈರ್‌ಫಾಕ್ಸ್ ಎಂಬ ಇನ್ನೊಂದು ಬ್ರೌಸರ್ ಒಂದೊಂದು ಸೈಟಿನ ಕುಕೀಯನ್ನು ಒಂದೊಂದು ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕುತ್ತದೆ. ಕ್ರೋಮ್‌ನ ಯಜಮಾನ ಗೂಗಲ್ ಮಾತ್ರ ಎರಡು ವರ್ಷದೊಳಗೆ ಈ ಥರ್ಡ್ ಪಾರ್ಟಿ ಕುಕೀಗಳನ್ನು ತೆಗೆದುಹಾಕುತ್ತೇವೆ ಎಂದು 2020ರಲ್ಲಿ ಹೇಳಿ, ಮುಂದೂಡಿ, ಮತ್ತೆ ಮುಂದೂಡಿ, 2024ರಲ್ಲಿ ಕೈಬಿಟ್ಟಿತು. ಜಾಹೀರಾತೇ ಅದರ ಅನ್ನ, ಅದಕ್ಕೆ ಅವಸರ ಎಲ್ಲಿಂದ ಬರಬೇಕು?

ಎಲ್ಲಾ ಕುಕೀ ಒಟ್ಟಿಗೆ ಅಳಿಸುವ ಉತ್ಸಾಹ ಬಂದರೆ ಸ್ವಲ್ಪ ತಡೆಯಿರಿ. ಎಲ್ಲಾ ಸೈಟುಗಳಿಂದ ಹೊರಗೆ ಬೀಳುತ್ತೀರಿ. ನಮ್ಮಮ್ಮನ ಫೋನಿನಲ್ಲಿ ನಾನು ಹೀಗೆ ಮಾಡಿ, ಆಕೆಯ ಮೇಲ್ ಪಾಸ್‌ವರ್ಡ್ ಹುಡುಕಲು ಮೂರು ಹಳೇ ಡೈರಿ, ಹಿಂದಿನ ವರ್ಷದ ಕ್ಯಾಲೆಂಡರು ಜಾಲಾಡಬೇಕಾಯಿತು. ಸಿಕ್ಕಿದ್ದು ಗ್ಯಾಸ್ ಪುಸ್ತಕದ ಹಿಂದೆ. ಇನ್ನೊಂದು, ಅವರ ಕಡತದಲ್ಲಿ ಈಗಾಗಲೇ ಬರೆದುಕೊಂಡದ್ದು ನೀವು ಇಲ್ಲಿ ಅಳಿಸಿದರೆ ಅಳಿಯುವುದಿಲ್ಲ. ಬೇಡ ಎಂದರೂ ಮತ್ತೆ ಕೇಳುತ್ತಾರೆ ಎಂದಿರಲ್ಲ, ಅದರ ಗುಟ್ಟು ಕೇಳಿ. ನೀವು 'ಬೇಡ' ಎಂದದ್ದನ್ನು ಸೈಟು ಸಾಮಾನ್ಯವಾಗಿ ನೆನಪಿಟ್ಟುಕೊಳ್ಳುವುದೂ ಒಂದು ಕುಕೀಯಲ್ಲೇ! ಮೊಮ್ಮಗ ಫೋನ್ ಕ್ಲೀನ್ ಮಾಡುತ್ತೇನೆ ಎಂದು ಅದನ್ನೂ ಗುಡಿಸಿ ಹಾಕುತ್ತಿದ್ದಾನೇನೋ ವಿಚಾರಿಸಿ.

ನಮ್ಮ ಹುಡುಗನಿಗೆ ಹೇಳಿದ್ದೇನೆ. ಮುಂದಿನ ಸಂಚಿಕೆ ಬರುವ ಹೊತ್ತಿಗೆ ನಮ್ಮ ಸೈಟಿನಲ್ಲಿ 'ಸರಿ', 'ಬೇಡ' ಎಂಬ ಎರಡು ಗುಂಡಿ, ಒಂದೇ ಅಳತೆ, ಒಂದೇ ಬಣ್ಣ, ಕನ್ನಡದಲ್ಲಿ. ಜಾಹೀರಾತಿನವರು ಗೊಣಗಿದ್ದಾರೆ, ಅದು ನನ್ನ ತಲೆನೋವು. ಗುಂಡಿ ಕಾಣದಿದ್ದರೆ ಇನ್ನೊಂದು ಕಾರ್ಡು ಹಾಕಿ.

ಮಿಕ್ಸಿ ಕೊಂಡಿರೋ ಇಲ್ಲವೋ, ಅದನ್ನು ಮಾತ್ರ ಬರೆಯಲೇ ಇಲ್ಲ ನೀವು.