ಹಸಿರು ನೆಟ್ ಕಟ್ಟಿದರೆ ನೋಟಿಸ್ ಬರಲ್ವಾ?

ಮಳೆಗಾಲ ಹತ್ತಿರ ಬಂತೆಂದರೆ ನನಗೆ ಒಂದೇ ಪ್ರಶ್ನೆ ಹತ್ತು ವೇಷ ಹಾಕಿಕೊಂಡು ಬರುತ್ತದೆ: "ಸಾಮಾನು ಹೊರಗಿದೆ, ಏನು ಮರೆ ಕಟ್ಟಲಿ?" ಪುಣೆ, ಪಿಂಪ್ರಿ ಕಡೆ ಕಾರ್ಖಾನೆಗಳ ನಕ್ಷೆ ಮಂಜೂರು ಮಾಡಿಸುತ್ತಾ ಇಪ್ಪತ್ತು ವರ್ಷ ಕಳೆದೆ. ಫೋನಿನಲ್ಲಿ ಹೇಳಿ ಹೇಳಿ ಗಂಟಲು ಒಣಗಿದೆ. ಈ ಸಲ ಬಂದ ಪ್ರಶ್ನೆಗಳಿಗೆ ಉತ್ತರ ಬರೆದೇ ಬಿಡುತ್ತೇನೆ.

ಪ್ರಶ್ನೆ: ಪುಣೆ ಹತ್ತಿರದ ಭೋಸರಿ ಎಂಐಡಿಸಿಯಲ್ಲಿ (ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮದ ಪ್ರದೇಶ) ನಮ್ಮದು ಫ್ಯಾಬ್ರಿಕೇಶನ್ ಶಾಪ್. ಒಳಗೆ ಜಾಗ ಸಾಲದೆ ಆ್ಯಂಗಲ್, ಪೈಪು, ಸ್ಕ್ರ್ಯಾಪ್ ಎಲ್ಲ ಶೆಡ್ಡಿಗೂ ಕಂಪೌಂಡಿಗೂ ನಡುವೆ ಇಟ್ಟಿದ್ದೇವೆ. ಪಕ್ಕದವರು ತಕರಾರು ಮಾಡಿದ್ದಕ್ಕೆ ಹನ್ನೆರಡು ಅಡಿ ಎತ್ತರ ಪತ್ರಾ (ತಗಡು) ಹೊಡೆಸಿ, ಮೇಲೆ ಹಸಿರು ನೆಟ್ ಕಟ್ಟಿಸಿದೆವು. ರಸ್ತೆಯಿಂದ ಏನೂ ಕಾಣುವುದಿಲ್ಲ. ಆದರೂ ನೋಟಿಸ್ ಬಂದಿದೆ. ಇದು ಅನ್ಯಾಯ ಅಲ್ವಾ?

ಅಲ್ಲ ಸರ್. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗಾಯಿತು ನಿಮ್ಮ ಕಥೆ.

ಸಾಮಾನು ಕಾಣುತ್ತದೋ ಇಲ್ಲವೋ ಅನ್ನುವುದು ಆಮೇಲಿನ ಮಾತು. ಎಲ್ಲಿ ಇಟ್ಟಿದ್ದೀರಿ ಅನ್ನುವುದು ಮೊದಲನೆಯದು. ಶೆಡ್ಡಿಗೂ ಕಂಪೌಂಡಿಗೂ ನಡುವಿನ ಜಾಗಕ್ಕೆ ಮಾರ್ಜಿನ್ ಅನ್ನುತ್ತಾರೆ. ಅದು ಉಳಿದುಹೋದ ಜಾಗ ಅಲ್ಲ, ಬೇಕೆಂದೇ ಬಿಡಿಸಿದ ಜಾಗ. ಬೆಂಕಿ ಬಿದ್ದರೆ ಬಂಬು, ಅಂದರೆ ಅಗ್ನಿಶಾಮಕ ಗಾಡಿ, ಅಲ್ಲಿಂದಲೇ ಬರಬೇಕು. ನೀವು ಅಲ್ಲಿ ಪೈಪು ಪೇರಿಸಿದ್ದು ಒಂದು ತಪ್ಪು. ಮುಚ್ಚಲು ಹೋಗಿ ಪರವಾನಗಿ ಇಲ್ಲದೆ ಹನ್ನೆರಡು ಅಡಿ ಗೋಡೆ ಎಬ್ಬಿಸಿದ್ದು ಎರಡನೆಯದು. ಕಾಂಕ್ರೀಟಿನಲ್ಲಿ ಕಂಬ ನೆಟ್ಟು ಪತ್ರಾ ಹೊಡೆದರೆ ಅದೂ ಕಟ್ಟಡವೇ. ಮೇಲೆ ಮಾಡು ಹಾಕಿದರಂತೂ ಎಫ್ಎಸ್ಐ, ಅಂದರೆ ಪ್ಲಾಟಿನ ಅಳತೆಗೆ ಎಷ್ಟು ಕಟ್ಟಬಹುದು ಅನ್ನುವ ಲೆಕ್ಕವೂ ಶುರು.

"ಇದು ತಾತ್ಕಾಲಿಕ, ಪರವಾನಗಿ ಬೇಡ" ಅಂತ ಏಜೆಂಟ್ ಹೇಳಿರಬೇಕು. ಎಲ್ಲರೂ ಅದನ್ನೇ ಹೇಳುತ್ತಾರೆ. 1966ರ ಎಂಆರ್‌ಟಿಪಿ ಕಾಯ್ದೆ (ಮಹಾರಾಷ್ಟ್ರದ ನಗರ ಯೋಜನಾ ಕಾಯ್ದೆ) ತೆಗೆದು ನೋಡಿ. ಪರವಾನಗಿ ಇಲ್ಲದ ಕಟ್ಟಡಕ್ಕೆ 53ನೇ ಕಲಮು ಇದೆ. ತಾತ್ಕಾಲಿಕವಾಗಿ ಕಟ್ಟಿದ್ದನ್ನು ಸರಸರ ತೆಗೆಸುವುದಕ್ಕೆಂದೇ 55ನೇ ಕಲಮು ಇದೆ. ಅಂದರೆ ತಾತ್ಕಾಲಿಕ ಅಂತ ವಾದ ಮಾಡಿದಷ್ಟೂ ನಿಮ್ಮ ಪತ್ರಾ ಬೇಗ ಬೀಳುತ್ತದೆ.

ಇನ್ನು ಆ ನೆಟ್. ಇಂಥದೇ ಒಂದು ಅಂಗಳಕ್ಕೆ ಹೋಗಿದ್ದೆ. ಹೊರಗಿನಿಂದ ನೀಟಾಗಿತ್ತು. ಒಳಗೆ ನಿಂತು ನೆಟ್ಟನ್ನು ಬಿಸಿಲಿಗೆ ಹಿಡಿದು ನೋಡಿದರೆ ತುಂಬಾ ತೂತು, ಬೀಡಿ ತಾಗಿಸಿದಂಥವು. ಸುತ್ತ ಅಂಚು ಕರಗಿ, ಕಪ್ಪಾಗಿ, ಗಟ್ಟಿಯಾಗಿತ್ತು. ನಾಲ್ಕು ಹೆಜ್ಜೆ ಆಚೆ ಹುಡುಗ ವೆಲ್ಡಿಂಗ್ ಮಾಡುತ್ತಿದ್ದ. ಕೆಳಗೆ ಥಿನ್ನರ್ ಡಬ್ಬ. ಆ ನೆಟ್ ಅಂದರೆ ಪ್ಲಾಸ್ಟಿಕ್, ಮತ್ತೇನೂ ಅಲ್ಲ. ಮಾತಾಡದೆ ಮೊದಲು ಅದನ್ನು ಬಿಚ್ಚಿಸಿದೆ. ಮಾಲೀಕರು ಮುಖ ಸಿಂಡರಿಸಿದರು, ಇರಲಿ.

ಈಗೇನು ಮಾಡಬೇಕು? ಮಂಜೂರಾದ ನಕ್ಷೆ ಹುಡುಕಿ. ಟೇಪ್ ಹಿಡಿದು ಮಾರ್ಜಿನ್ ಅಳೆಯಿರಿ, ಅದರೊಳಗೆ ಇರುವುದನ್ನೆಲ್ಲ ಎತ್ತಿಸಿ. ಹೊರಗೆ ಸ್ಟಾಕ್ ಇಡಲೇಬೇಕಿದ್ದರೆ ಮಾರ್ಜಿನ್ ಬಿಟ್ಟು ಹಿಂಭಾಗದ ಅಂಗಳ ಆರಿಸಿ, ತಿದ್ದಿದ ನಕ್ಷೆಯಲ್ಲಿ ತೋರಿಸಿ ಎಂಐಡಿಸಿಯಿಂದ ಒಪ್ಪಿಗೆ ತಗೊಳ್ಳಿ. ಮರೆಯ ಗೋಡೆಯೂ ಅದೇ ನಕ್ಷೆಯಲ್ಲಿ ಬರಲಿ. ನೋಟಿಸಿಗೆ ಬರವಣಿಗೆಯಲ್ಲಿ ಉತ್ತರ ಕೊಡಿ, ತೆಗೆದದ್ದರ ಫೋಟೋ ಹಚ್ಚಿ. ನಿಮ್ಮ ಪ್ಲಾಟು ಲೀಸಿನದು, ಅದು ನೆನಪಿರಲಿ. ಷರತ್ತು ಮುರಿದರೆ ಮಾತು ದಂಡಕ್ಕೇ ನಿಲ್ಲದೇ ಹೋಗಬಹುದು.

ಎಣ್ಣೆ ಹತ್ತಿದ ಲೇತ್ ಚೂರನ್ನು ಬಯಲಲ್ಲಿ ಗುಡ್ಡೆ ಹಾಕಬೇಡಿ. ಮಾಡಿನ ಕೆಳಗೆ, ಕಾಂಕ್ರೀಟ್ ನೆಲದ ಮೇಲೆ ಇಡಿ. ಮೊದಲ ಮಳೆಗೇ ಎಣ್ಣೆ ಗಟಾರು ಸೇರುತ್ತದೆ. ಆ ಬಣ್ಣದ ಪದರು ಪಕ್ಕದವರಿಗೆ ನಿಮ್ಮ ಸ್ಕ್ರ್ಯಾಪಿಗಿಂತ ಚೆನ್ನಾಗಿ ಕಾಣುತ್ತದೆ. ಡ್ರಮ್ಮಿನ ಹಳೇ ಎಣ್ಣೆ 2016ರ ನಿಯಮದ ಪ್ರಕಾರ ಅಪಾಯಕಾರಿ ತ್ಯಾಜ್ಯ, ಸಾಮಾನ್ಯವಾಗಿ 90 ದಿನಕ್ಕಿಂತ ಜಾಸ್ತಿ ಇಟ್ಟುಕೊಳ್ಳುವ ಹಾಗಿಲ್ಲ.

ಪ್ರಶ್ನೆ: ಕಾರ್ಖಾನೆಗೆ 2.4 ಮೀಟರ್ ಕಂಪೌಂಡ್ ಗೋಡೆ ಕಟ್ಟಬಹುದು ಅಂತ ವಾಟ್ಸ್‌ಆ್ಯಪ್‌ನಲ್ಲಿ ಬಂದಿದೆ. ನಾವು ಪಾಲಿಕೆಗೆ ಟ್ಯಾಕ್ಸ್ ಕಟ್ಟುತ್ತೇವೆ. ನಮ್ಮ ಎಂಐಡಿಸಿ ಪ್ಲಾಟಿಗೂ ನಡೆಯುತ್ತಾ?

ಅದು 2020ರ ಯುಡಿಸಿಪಿಆರ್, ಅಂದರೆ ಮಹಾರಾಷ್ಟ್ರದ ಏಕರೂಪ ಕಟ್ಟಡ ನಿಯಮಾವಳಿಯ ಮಾತು. ಆ ನಿಯಮದಿಂದ ಎಂಐಡಿಸಿ ಪ್ರದೇಶವನ್ನು ಹೊರಗಿಟ್ಟಿದ್ದಾರೆ. ಆ ನಿಯಮದಲ್ಲೂ ಸಾಮಾನ್ಯ ಎತ್ತರ 1.5 ಮೀಟರ್. ಕಾರ್ಖಾನೆಗೆ 2.4 "ಕೊಡಬಹುದು" ಅಂತಿದೆ, ನೀವೇ ತಗೊಳ್ಳಬಹುದು ಅಂತಿಲ್ಲ. ಟ್ಯಾಕ್ಸ್ ಪಾವತಿ ಪರವಾನಗಿ ಅಲ್ಲ.

ಪ್ರಶ್ನೆ: ಮನೆಗಳ ನಡುವೆ ಸ್ಕ್ರ್ಯಾಪ್ ಗೋಡೌನ್ ಇದೆ. ಎತ್ತರದ ಗೋಡೆ ಕಟ್ಟಿದರೆ ಉಳಿಯುತ್ತದಾ?

ಝೋನೇ (ಯಾವ ಜಾಗದಲ್ಲಿ ಏನು ನಡೆಸಬಹುದು ಅನ್ನುವ ವಿಂಗಡಣೆ) ತಪ್ಪಿದ್ದರೆ ಗೋಡೆ ಏನು ಮಾಡೀತು? 2025ರ ಫೆಬ್ರುವರಿಯಲ್ಲಿ ಪಿಂಪ್ರಿ ಕಡೆಯ ಕುದಳವಾಡಿಯಲ್ಲಿ ಸ್ಕ್ರ್ಯಾಪ್ ಗೋಡೌನುಗಳನ್ನು ಕೆಡವಲು ಜೆಸಿಬಿ ಸಾಲಾಗಿ ನಿಂತಿದ್ದನ್ನು ಮರೆತಿರಾ?

ಪ್ರಶ್ನೆ: ಗೋಡೆ ಬದಲು ಬಿದಿರು ನೆಟ್ಟರೆ?

ನೆಡಿ. ಬಂಬಿನ ದಾರಿ ಬಿಟ್ಟು ನೆಡಿ, ಉದುರಿದ ಒಣ ಎಲೆ ಗುಡಿಸಿ.

ಪ್ರಶ್ನೆ: ಭಾರದ ಸಾಮಾನು ನೈಋತ್ಯಕ್ಕೇ ಇಡಬೇಕು ಅಂತ ವಾಸ್ತುದವರು ಹೇಳಿದ್ದಾರೆ. ನಮ್ಮ ನೈಋತ್ಯದಲ್ಲಿ ಟ್ರಾನ್ಸ್‌ಫಾರ್ಮರ್ ಇದೆ. ಏನು ಮಾಡಲಿ?

ವಾಸ್ತುದವರನ್ನು ಒಂದು ಸಲ ಆ ಟ್ರಾನ್ಸ್‌ಫಾರ್ಮರ್ ಪಕ್ಕ ನಿಲ್ಲಿಸಿ, ಅದೇ ಮಾತು ಮತ್ತೆ ಹೇಳಲು ಹೇಳಿ.