ಹೊಸ ಬೂಟು ಹಿಮ್ಮಡಿ ಕಚ್ತಿದ್ರೆ

ಹೊಸ ಲೆದರ್ ಬೂಟು ಹಿಮ್ಮಡಿ ಕಚ್ಚಿ ಗುಳ್ಳೆ ಎದ್ದಿದೆ, ಕೊಬ್ಬರಿ ಎಣ್ಣೆ ಹಚ್ಚಿ ಬಿಸಿಲಿಗಿಡ್ಲಾ ಅಂತ ಕೇಳಿದ್ರಲ್ಲ, ದಯವಿಟ್ಟು ಎರಡೂ ಬೇಡ. ಬಿಸಿಲಿಗೆ ಲೆದರ್ ಒಣಗಿ ಬಿರುಕು ಬಿಡುತ್ತೆ, ಎಣ್ಣೆ ಜಾಸ್ತಿ ಕುಡಿದ್ರೆ ಕಪ್ಪಾಗಿ ಮೆತ್ತಗಾಗುತ್ತೆ. ಗುಳ್ಳೆ ವಾಸಿಯಾಗ್ಲಿ, ಆಮೇಲೆ ದಪ್ಪ ಉಲ್ಲನ್ ಸಾಕ್ಸ್ ಹಾಕ್ಕೊಂಡು ಮನೇಲೇ ದಿನಾ ಒಂದೊಂದು ಗಂಟೆ ಓಡಾಡಿ, ನಿಮ್ದು ವೆಲ್ಟ್ ಹೊಲಿಗೆ (ಅಂಚಿನ ಸುತ್ತ ಪಟ್ಟಿ ಇಟ್ಟು ಅದಕ್ಕೆ ಸೋಲ್ ಹೊಲಿದಿರೋ) ಬೂಟು ಅಂದ್ರಿ, ಅದರ ಸೋಲ್ ಒಳಗಿನ ಕಾರ್ಕ್ ಪದರ ನಿಮ್ಮ ಪಾದದ ಅಚ್ಚಿಗೆ ಕೂತು ಸೋಲ್ ಬಗ್ಗೋಕೆ ಶುರುವಾದ್ಮೇಲೆ ಹಿಮ್ಮಡಿ ಉಜ್ಜೋದು ಕಮ್ಮಿ ಆಗುತ್ತೆ. ಬೆರಳೇ ಒತ್ತುತ್ತಿದ್ರೆ ಮಾತ್ರ ಸೈಜೇ ತಪ್ಪು, ಬದಲಾಯಿಸಿ.

ಮಳೇಲಿ ನೆನೆದ್ರೆ ಒಳಗೆ ಪೇಪರ್ ತುರುಕಿ ಫ್ಯಾನ್ ಗಾಳಿಗಿಡಿ, ಪೇಪರ್ ಒದ್ದೆ ಆದ ಹಾಗೆ ಬದಲಾಯಿಸ್ತಿರಿ. ಮಡಿಕೇರಿ ಮಳೆಗಾಲದಲ್ಲಿ ನಾನು ಒದ್ದೆ ಬೂಟು ಡಬ್ಬದಲ್ಲಿ ಮುಚ್ಚಿಟ್ಟು ಹದಿನೈದು ದಿನ ಬಿಟ್ಟು ತೆಗೆದ್ರೆ ಹೊಲಿಗೆ ಉದ್ದಕ್ಕೂ ಬಿಳೀ ಬೂಸ್ಟು, ಹೊಟ್ಟೆ ಉರಿದುಹೋಯ್ತು.